ಕುದುರೆಗೆ ಭತ್ತದ ಹುಲ್ಲಾ, ನೇಪಿಯರ್ರಾ, ಬೇಣದ ಕರಡವಾ (ಹುಲ್ಲುಗಾವಲಿನ ಒಣಹುಲ್ಲು)? ಮೂರೂ ಹಾಕಿ ನೋಡಿದ್ದು

ಕಾರವಾರ ಅಂಕೋಲಾ ಕಡೆ ಕುದುರೆ ಸಾಕಿದೋರು ಕಮ್ಮಿ, ಹಾಗಾಗಿ ಮೇವಿನ ವಿಷ್ಯ ಬಂದ್ರೆ ದನ ಸಾಕಿದೋರನ್ನೇ ಕೇಳುದು. ಆದ್ರೆ ಕುದುರೆ ಮೆಲುಕು ಹಾಕುದಿಲ್ಲ, ವಾಂತಿ ಮಾಡೂಕೂ ಬರುದಿಲ್ಲ. ಜಠರ ಸಣ್ಣದು, ಅದ್ರಲ್ಲಿ ಆಸಿಡ್ ಹಗಲೂರಾತ್ರಿ ಬರ್ತಾನೇ ಇರ್ತದೆ, ಅದನ್ನ ತಣಿಸೂ ಜೊಲ್ಲು ಮಾತ್ರ ಅಗಿಯುವಾಗಷ್ಟೇ ಬರುದು. ಅದಕ್ಕೇ ನಾನು ಎರಡೇ ನೋಡುದು, ಎಷ್ಟು ಹೊತ್ತು ಅಗೀತದೆ, ಲದ್ದಿ ಹೇಗೆ ಬೀಳ್ತದೆ.

ಭತ್ತದ ಹುಲ್ಲು ಇಲ್ಲಿ ಸುಲಭಕ್ಕೆ ಸಿಗ್ತದೆ, ಅಗಿಯುದೂ ತುಂಬಾ ಹೊತ್ತು. ಆದ್ರೆ ಸತ್ವ ಇಲ್ಲ, ಸಿಲಿಕಾ ಜಾಸ್ತಿ, ಬರೀ ಅದನ್ನೇ ಹಾಕಿದಾಗ ನಮ್ಮ ಹೆಣ್ಣುಕುದುರೆಯ ಲದ್ದಿ ಸಣ್ಣ ಸಣ್ಣ ಗಟ್ಟಿ ಉಂಡೆ ಆಗ್ತಿತ್ತು. ನೀರು ಕಮ್ಮಿ ಕುಡಿದ್ರೆ ಇದೇ ಕರುಳಲ್ಲಿ ಕಟ್ಕೊಂಡು ಕೋಲಿಕ್, ಅಂದ್ರೆ ಜೋರು ಹೊಟ್ಟೆನೋವು, ಆಗುದು.

ನೇಪಿಯರ್, ಅಂದ್ರೆ ಎತ್ತರಕ್ಕೆ ಬೆಳೆಯೂ ಹಸಿರು ಮೇವಿನ ಹುಲ್ಲು, ಕುದುರೆಗೆ ಜೀವ. ಹಿತ್ತಿಲಲ್ಲೇ ಬೆಳೀತದೆ, ಕೊಯ್ದು ಹಾಕಿದ್ರಾಯ್ತು. ಆದ್ರೆ ಅದ್ರಲ್ಲಿ ಆಕ್ಸಲೇಟ್ ಇರ್ತದೆ, ಅದು ಕ್ಯಾಲ್ಸಿಯಂ ಹಿಡಿದಿಟ್ಕೊಳ್ತದೆ, ತಿಂಗಳುಗಟ್ಲೆ ಬರೀ ಅದನ್ನೇ ಕೊಟ್ರೆ ಮೂಳೆ ಸೊರಗಿ ಮುಖದ ಎಲುಬು ಊದ್ಕೊಳ್ಳೂ ಕಾಯಿಲೆ ಬರ್ತದೆ. ಮಳೆಗಾಲದಲ್ಲಿ ಕೊಯ್ದು ರಾಶಿ ಹಾಕಿದ್ದರ ಒಳಗೆ ಕೈ ಹಾಕಿ ನೋಡಿ, ಬಿಸಿ ಇದ್ರೆ ಹುದುಗೂಕೆ ಶುರುವಾಗಿದೆ, ಕೊಡ್ಲೇಬಾರ್ದು.

ನನ್ನ ಮಟ್ಟಿಗೆ ಗೆದ್ದದ್ದು ಕರಡ. ಮಳೆ ಮುಗಿದ ಮೇಲೆ ಘಟ್ಟದ ಮೇಲೆ ಶಿರಸಿ ಯಲ್ಲಾಪುರ ಕಡೆ ಬೇಣದಲ್ಲಿ ಕೊಯ್ದು ಒಣಗಿಸಿದ್ದು. ಆದ್ರೆ ಎಲ್ಲ ಕರಡವೂ ಒಂದೇ ಅಲ್ಲ, ಬೀಜ ಉದುರಿದ ಮೇಲೆ ಕೊಯ್ದದ್ದು ಬರೀ ಕಡ್ಡಿ. ನಾನು ಸೂಡಿ (ಹುಲ್ಲಿನ ಕಟ್ಟು) ಬಿಚ್ಚಿಸಿ ನಡುವಿನ ಹುಲ್ಲನ್ನ ಎಳೆದು ಮೂಸಿ ನೋಡ್ತೇನೆ, ಎಲೆ ಇದ್ದು ಸ್ವಲ್ಪ ಹಸಿರು ಛಾಯೆ ಉಳಿದಿದ್ರೆ ಸರಿ, ಬೂಷ್ಟಿನ ವಾಸನೆ ಬಂದ್ರೆ ಅಥವಾ ಬಿಳಿ ಧೂಳು ಎದ್ರೆ ವಾಪಸ್. ಒಳ್ಳೇ ಕರಡ ತಿಂದ ಕುದುರೆಯ ಲದ್ದಿ ದುಂಡಗೆ ಹೊಳೀತಾ ಬಿದ್ದು ನೆಲಕ್ಕೆ ತಾಗಿದ ಕೂಡ್ಲೇ ಒಡೀತದೆ, ಅದನ್ನ ನೋಡುದೇ ಒಂದು ಸಮಾಧಾನ. 300 ಕೆಜಿ ಕುದುರೆಗೆ ಮೇವು ಒಣಲೆಕ್ಕದಲ್ಲಿ (ನೀರಿನಂಶ ಬಿಟ್ಟು) ದಿನಕ್ಕೆ 4.5 ಕೆಜಿಗಿಂತ ಕಮ್ಮಿ ಆಗ್ಲೇಬಾರ್ದು, 6 ಕೆಜಿ ಆದ್ರೆ ಒಳ್ಳೇದು. ಸೂಡಿ ಎಣಿಸ್ಬೇಡಿ, ತೂಗಿ. ಮಧ್ಯಾಹ್ನಕ್ಕೆ ಸ್ವಲ್ಪ ನೇಪಿಯರ್ ಕತ್ತರಿಸಿ ಕೊಡ್ತೇನೆ, ಭತ್ತದ ಹುಲ್ಲು ಕೊಡುದು ಕರಡ ಸಾಲದೇ ಹೋದ್ರೆ ಮಾತ್ರ, ಅದೂ ಬೆರೆಸಿ. ಯಾವುದೇ ಮೇವು ಬದಲಿಸೂದಾದ್ರೂ ವಾರ ಹತ್ತು ದಿನ ತಗೊಂಡು ನಿಧಾನಕ್ಕೆ.

ಮೇವಿನ ಜೊತೆಗೆ ಹುರಳಿಯಾ ಗೋಧಿ ಬೂಸಾವಾ ಅಂದ್ರೆ ಬೇಯಿಸಿದ ಹುರಳಿ, ಸ್ವಲ್ಪವೇ. ಬೂಸಾದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ ಕ್ಯಾಲ್ಸಿಯಂ ಕಮ್ಮಿ, ನೇಪಿಯರ್ ಜೊತೆ ಸೇರಿದ್ರೆ ಮೂಳೆಗೆ ಎರಡು ಕಡೆಯಿಂದ ಪೆಟ್ಟು.

ಕಡಲ ಬದಿಯಲ್ಲಿ ಇರೋರು ಮರಳಿನ ಬಗ್ಗೆ ಎಚ್ಚರ ಇರ್ಲಿ. ಮೇವನ್ನ ನೆಲಕ್ಕೆ ಹಾಕಿದ್ರೆ ಹುಲ್ಲಿನ ಜೊತೆ ಮರಳೂ ಹೊಟ್ಟೆಗೆ ಹೋಗ್ತದೆ, ಕರುಳಿನ ತಳದಲ್ಲಿ ಕೂತ್ಕೊಳ್ತದೆ. ಎತ್ತರಕ್ಕೆ ಮೇವು ತುಂಬೂ ಬಲೆ ಕಟ್ಟಿಯೂ ನೋಡಿದೆ, ಮರಳಿನ ತಾಪತ್ರಯ ಇಲ್ಲ, ಆದ್ರೆ ಕಣ್ಣಿಗೆ ಧೂಳು, ಕುದುರೆಗೆ ತಲೆ ತಗ್ಗಿಸಿ ತಿನ್ನುದೇ ಸಹಜ. ರಬ್ಬರ್ ಮ್ಯಾಟ್ ಮೇಲೆ ಅಗಲ ಟಬ್ ಇಟ್ಟದ್ದೇ ನಂಗೆ ಸರಿ ಕಂಡಿದ್ದು. ಆಗಾಗ ಒಂದು ಹಿಡಿ ಲದ್ದಿಯನ್ನ ಪಾರದರ್ಶಕ ಬಾಟ್ಲಿಯಲ್ಲಿ ನೀರು ಹಾಕಿ ಕುಲುಕಿ ಇಡಿ, ಮರಳಿದ್ರೆ ತಳಕ್ಕೆ ಕೂತದ್ದು ಕಾಣ್ತದೆ.

ದನದ ಹಿಂಡಿಯನ್ನ ಈ ಹೋಲಿಕೆಗೇ ತರ್ಲಿಲ್ಲ. ಕೆಲವು ದನದ ಫೀಡ್‌ಗಳಲ್ಲಿ ಮೊನೆನ್ಸಿನ್ ಅಂತ ಔಷಧಿ ಸೇರಿಸಿರ್ತಾರೆ, ದನಕ್ಕೆ ಎಂತದೂ ಆಗುದಿಲ್ಲ, ಕುದುರೆಗೆ ಸ್ವಲ್ಪ ಹೋದ್ರೂ ಹೃದಯದ ಸ್ನಾಯು ಹಾಳಾಗಿ ಸಾಯ್ಬಹುದು.