ಗೋಡೆಗೆ ಹಾಕೋ ಇತಿಹಾಸದ ಟೈಮ್‌ಲೈನ್ ಚಾರ್ಟ್: ತಗೊಳ್ಳಿ, ಆದ್ರೆ ಆ ಸೊನ್ನೆ ಒಂದು ಅಳಿಸ್ಬೇಕು

ಅಶೋಕ ಸುಮಾರು ಕ್ರಿ.ಪೂ. 268ರಲ್ಲಿ ಪಟ್ಟಕ್ಕೆ ಬಂದು 232ರವರೆಗೆ ಆಳಿದ ಅಂತ ಪುಸ್ತಕದಲ್ಲಿ ನೋಡಿ ನಮ್ಮ ಮಗಳು ಇದೇನು ವರ್ಷ ಹಿಂದಕ್ಕೆ ಹೋಗ್ತಿದೆ ಅಂತ ಗಲಾಟೆ ಮಾಡ್ತಿದ್ಲು, ಅದಕ್ಕೇ ಈ ಚಾರ್ಟ್ ತರಿಸಿದ್ದು. 250 ರೂಪಾಯಿ, ಲ್ಯಾಮಿನೇಶನ್ ಗಟ್ಟಿಯಾಗಿದೆ, ಅಕ್ಷರ ದೂರದಿಂದಾನೂ ಕಾಣ್ಸುತ್ತೆ.

ಮೇಲ್ಗಡೆ ಒಂದು ರಸ್ತೆ ಚಿತ್ರ ಇದೆ ನೋಡಿ, ಇಡೀ ಚಾರ್ಟಲ್ಲಿ ಅದೇ ಬೆಸ್ಟ್. ಮಧ್ಯೆ ಒಂದು ಊರು, ಎರಡೂ ಕಡೆ ಕಿಲೋಮೀಟರ್ ಕಲ್ಲು. ಊರು ಹತ್ರ ಬಂದಂಗೆಲ್ಲಾ ಕಲ್ಲಿನ ಮೇಲೆ ನಂಬರ್ ಕಮ್ಮಿ ಆಗ್ತಾ ಬರುತ್ತೆ, ಅದು ಕ್ರಿ.ಪೂ., ಊರು ದಾಟಿದ್ಮೇಲೆ ಜಾಸ್ತಿ ಆಗ್ತಾ ಹೋಗುತ್ತೆ, ಅದು ಕ್ರಿ.ಶ. ಆದ್ರೆ ನಾವು ಹೋಗ್ತಿರೋ ದಿಕ್ಕು ಮಾತ್ರ ಒಂದೇ. ಇದನ್ನ ನೋಡಿದ್ಮೇಲೆ ಅವಳು 268 ಮೊದ್ಲು, 232 ಆಮೇಲೆ ಅಂತ ತಾನೇ ಹೇಳಿದ್ಲು.

ಕೆಳಗಡೆ ಶಾಲಿವಾಹನ ಶಕೆಗೆ ಒಂದು ಹಳದಿ ಪಟ್ಟಿ ಕೊಟ್ಟಿದ್ದಾರೆ, ಇದು ಇಂಗ್ಲಿಷ್ ಚಾರ್ಟ್‌ಗಳಲ್ಲಿ ನಾನು ನೋಡಿಲ್ಲ. ಶಕ ವರ್ಷಕ್ಕೆ 78 ಸೇರಿಸಿ ಅಂತ ಬರೆದು ಬಾದಾಮಿ ಬಂಡೆ ಶಾಸನದ ಶಕ 465 ಅಂದ್ರೆ ಕ್ರಿ.ಶ. 543, ಐಹೊಳೆ ಶಾಸನದ ಶಕ 556 ಅಂದ್ರೆ 634 ಅಂತ ಲೆಕ್ಕ ಮಾಡಿ ತೋರ್ಸಿದ್ದಾರೆ. ಐಹೊಳೆಯ ರವಿಕೀರ್ತಿ ಶಾಸನದಲ್ಲಿ ಮಹಾಭಾರತ ಯುದ್ಧ ಆಗಿ 3735 ವರ್ಷ ಅಂತಾನೂ ಇದೆಯಲ್ಲ, ಅದನ್ನೂ ಹಾಕಿದ್ರೆ ಒಂದೇ ಕಲ್ಲಲ್ಲಿ ಎರಡು ಕಾಲಗಣನೆ ಇರೋದು ಮಕ್ಕಳಿಗೆ ಗೊತ್ತಾಗ್ತಿತ್ತು. ಜನವರಿಯಿಂದ ಯುಗಾದಿವರೆಗಿನ ತಾರೀಖಿಗೆ 79 ಸೇರಿಸ್ಬೇಕು ಅನ್ನೋದೂ ಬಿಟ್ಟುಹೋಗಿದೆ.

ಈಗ ದೊಡ್ಡ ತಪ್ಪು. ಊರು ಇರೋ ಜಾಗದಲ್ಲಿ ದಪ್ಪಗೆ "0" ಅಂತ ಪ್ರಿಂಟ್ ಮಾಡ್ಬಿಟ್ಟಿದ್ದಾರೆ. ಇತಿಹಾಸದ ಲೆಕ್ಕದಲ್ಲಿ ಸೊನ್ನೇ ವರ್ಷ ಅಂತ ಇಲ್ವೇ ಇಲ್ಲ, ಕ್ರಿ.ಪೂ. 1 ಮುಗಿದ ಮಾರನೇ ದಿನಾನೇ ಕ್ರಿ.ಶ. 1. ಈ ಎಣಿಕೆ ಶುರು ಮಾಡಿದ ಡಯೋನಿಸಿಯಸ್ ಅನ್ನೋ ಸನ್ಯಾಸಿ ಇದ್ದಿದ್ದು ಆರನೇ ಶತಮಾನದಲ್ಲಿ, ರೋಮನ್ ಅಂಕಿಗಳಲ್ಲಿ ಸೊನ್ನೆಗೆ ಗುರುತೇ ಇರ್ಲಿಲ್ಲ. ಸಣ್ಣ ವಿಷಯ ಅಂದ್ಕೋಬೇಡಿ, ರೋಮಿನ ಆಗಸ್ಟಸ್ ಕ್ರಿ.ಪೂ. 27ರಿಂದ ಕ್ರಿ.ಶ. 14ರವರೆಗೆ ಆಳಿದ, ಚಾರ್ಟ್ ಪ್ರಕಾರ ಎಣಿಸಿದ್ರೆ 41 ವರ್ಷ ಬರುತ್ತೆ, ಸರಿ ಉತ್ತರ 40. ಪರೀಕ್ಷೆಲಿ ಮಗು ಮಾರ್ಕ್ಸ್ ಕಳ್ಕೊಳ್ಳೋದು ಇಂಥ ಕಡೆನೇ.

ಈಗ ಎಷ್ಟೋ ಪುಸ್ತಕಗಳಲ್ಲಿ ಸಾ.ಶ., ಸಾ.ಶ.ಪೂ. ಅಂತ ಬರುತ್ತೆ, ಅಂದ್ರೆ ಸಾಮಾನ್ಯ ಶಕ, ಸಾಮಾನ್ಯ ಶಕ ಪೂರ್ವ. ವರ್ಷ ಎಲ್ಲಾ ಅವೇ, ಹೆಸರಷ್ಟೇ ಬೇರೆ. ಅದಕ್ಕೆ ಒಂದೇ ಒಂದು ಸಾಲು ಜಾಗ ಕೊಡ್ಬೇಕಿತ್ತು, ಕೊಟ್ಟಿಲ್ಲ.

ಐದಕ್ಕೆ ಮೂರೂವರೆ ಸ್ಟಾರ್. ಐದು, ಆರು, ಏಳನೇ ಕ್ಲಾಸ್ ಮಕ್ಕಳಿರೋರು ತಗೊಳ್ಳಿ, ಸೊನ್ನೆ ಮೇಲೆ ಒಂದು ಬಿಳಿ ಸ್ಟಿಕ್ಕರ್ ಅಂಟ್ಸಿ, ಎಡಗಡೆ ಕ್ರಿ.ಪೂ. 1, ಬಲಗಡೆ ಕ್ರಿ.ಶ. 1 ಅಂತ ಬರೆದ್ಬಿಡಿ.