ಪೆಲ್ಟಿಯರ್ ರೀಡಿಂಗ್ ಅಲ್ಲಾಡ್ತಿದ್ರೆ ಶೀಲ್ಡ್ ವೈರಾ, ಥರ್ಮೋಕೋಲ್ ಡಬ್ಬಾನಾ?

ಬೆಂಗಳೂರಿನ ಎಸ್‌ಪಿ ರೋಡಲ್ಲಿ ತಗೊಂಡ ಟಿಇಸಿ1-12706 ಪೆಲ್ಟಿಯರ್ ಮಾಡ್ಯೂಲನ್ನ (ಎರಡು ಮುಖಗಳ ಟೆಂಪರೇಚರ್ ಬೇರೆ ಬೇರೆ ಆದ್ರೆ ವೋಲ್ಟೇಜ್ ಕೊಡೋ ಬಿಲ್ಲೆ) ಎಡಿಎಸ್1115 ಅನ್ನೋ ವೋಲ್ಟೇಜ್ ಅಳೆಯೋ ಬೋರ್ಡಿಗೆ ಹಾಕಿ ಟೇಬಲ್ ಮೇಲೆ ಸುಮ್ನೆ ಇಟ್ಟಿದ್ದೆ, ಒಂದು ಕಡೆನೂ ಬಿಸಿ ಮಾಡಿರ್ಲಿಲ್ಲ, ಆದ್ರೂ ರೀಡಿಂಗ್ ಎರಡು ಮೂರು ಮಿಲಿವೋಲ್ಟ್ ಮೇಲೆ ಕೆಳಗೆ ಓಡಾಡ್ತಾನೇ ಇತ್ತು. ಎಲೆಕ್ಟ್ರಿಕಲ್ ನಾಯ್ಸೇ ಇರ್ಬೇಕು ಅನ್ಕೊಂಡು ಮೊದ್ಲು ಶೀಲ್ಡ್ ಕೇಬಲ್, ಅಂದ್ರೆ ಸುತ್ತ ಲೋಹದ ಕವಚ ಇರೋ ವೈರ್, ತಂದೆ.

ಅದ್ರಿಂದ ಆಗಿದ್ದು ಕಮ್ಮಿ. ಮಾಡ್ಯೂಲಿನ ರೆಸಿಸ್ಟೆನ್ಸೇ ಸುಮಾರು 2 ಓಮ್ ಅಷ್ಟೇ, ಅಷ್ಟು ಕಮ್ಮಿ ಇದ್ದಾಗ ಶೀಲ್ಡ್‌ಗೆ ಹೆಚ್ಚು ಕೆಲಸ ಇರಲ್ಲ. ಎರಡು ವೈರನ್ನ ಜಡೆ ಥರ ಹೆಣೆದಿದ್ದೇ ಜಾಸ್ತಿ ಉಪಯೋಗಕ್ಕೆ ಬಂತು, ಮನೆ ಕರೆಂಟಿಂದ ಬರೋ 50 ಹರ್ಟ್ಸ್ ಹಮ್ ಇಳೀತು, ಸಣ್ಣ ನಡುಕ ಹೋಯ್ತು. ಆದ್ರೆ ಉಸಿರಾಟದಷ್ಟು ನಿಧಾನವಾಗಿ ಏರಿ ಇಳಿಯೋ ಆ ಅಲೆ ಹಾಗೇ ಇತ್ತು. ನೂರು ಸ್ಯಾಂಪಲ್ ಆವರೇಜ್ ಮಾಡಿದ್ರೂ ಅಷ್ಟೇ.

ಆಮೇಲೆ ಸೀಲಿಂಗ್ ಫ್ಯಾನ್ ಆಫ್ ಮಾಡ್ದೆ ನೋಡಿ, ಅಲೆ ಅರ್ಧಕ್ಕಿಂತ ಕಮ್ಮಿ ಆಯ್ತು! ಕೈನ ಒಂದು ಗೇಣು ದೂರದಲ್ಲಿ ಹಿಡಿದ್ರೂ ರೀಡಿಂಗ್ ಏರ್ತಿತ್ತು. ಮಾಡ್ಯೂಲ್ ಒಳಗೆ ಬಿಸ್ಮತ್ ಟೆಲ್ಯುರೈಡ್ ಅನ್ನೋ ಸೆಮಿಕಂಡಕ್ಟರ್ ತುಂಡುಗಳ 127 ಜೋಡಿ ಇರುತ್ತೆ, ಒಂದೊಂದು ಜೋಡಿ ಡಿಗ್ರಿಗೆ ಸುಮಾರು 0.4 ಮಿಲಿವೋಲ್ಟ್ ಕೊಡುತ್ತೆ, ಎಲ್ಲಾ ಸೇರಿದ್ರೆ 50ರ ಹತ್ತಿರ. ಅಂದ್ರೆ ಎರಡು ಮುಖಗಳ ನಡುವೆ 0.01 ಡಿಗ್ರಿ ಆಚೀಚೆ ಆದ್ರೂ ಅರ್ಧ ಮಿಲಿವೋಲ್ಟ್. ಆ 2 ಓಮಿಂದ ಬರೋ ಜಾನ್ಸನ್ ನಾಯ್ಸ್ (ಯಾವ ರೆಸಿಸ್ಟೆನ್ಸಲ್ಲಾದ್ರೂ ಶಾಖದಿಂದ ತಾನಾಗೇ ಹುಟ್ಟೋ ನಾಯ್ಸ್) 10 ಹರ್ಟ್ಸ್ ಬ್ಯಾಂಡ್‌ವಿಡ್ತಲ್ಲಿ ಒಂದು ನ್ಯಾನೋವೋಲ್ಟೂ ಇಲ್ಲ, ಹತ್ತತ್ರ ಹತ್ತು ಲಕ್ಷ ಪಟ್ಟು ಚಿಕ್ಕದು. ನಾನು ನಾಯ್ಸ್ ಅಂತಿದ್ದಿದ್ದು ನಿಜವಾದ ಟೆಂಪರೇಚರ್, ಅದನ್ನ ಯಾವ ಫಿಲ್ಟರ್ ತಾನೆ ತೆಗೆಯುತ್ತೆ?

ಮಿಕ್ಸಿ ಬಂದಿದ್ದ ಥರ್ಮೋಕೋಲ್ ಕೊರೆದು ಡಬ್ಬ ಮಾಡಿ, ಮಾಡ್ಯೂಲಿನ ಎರಡೂ ಕಡೆ ಅಲ್ಯೂಮಿನಿಯಂ ತುಂಡು ಒತ್ತಿಟ್ಟೆ, ಫ್ಯಾನ್ ಓಡ್ತಿದ್ರೂ ಅಲ್ಲಾಟ 0.2 ಮಿಲಿವೋಲ್ಟ್ ಒಳಗೆ ಬಂತು. ಖರ್ಚು ಏನಿಲ್ಲ, ಆದ್ರೆ ಅಲ್ಯೂಮಿನಿಯಂ ನಿಧಾನ, ಒಂದ್ಸಲ ಮುಟ್ಟಿದ್ರೆ ಇಪ್ಪತ್ತು ನಿಮಿಷ ಕಾಯ್ಬೇಕು. ಬೇಗ ರೆಸ್ಪಾನ್ಸ್ ಬೇಕು ಅನ್ನೋರಿಗೆ ಇದು ಆಗಲ್ಲ, ಅವ್ರು ವೈರ್ ಹೆಣೆದು ಫ್ಯಾನ್ ಆಫ್ ಮಾಡ್ಕೊಳ್ಳಿ ಸಾಕು.

ಇನ್ನೊಂದು ವಿಷ್ಯ, ಕ್ಲಿಪ್ ಹಾಕೋ ಮುಂಚೆ ಕಪ್ಪಾದ ತಾಮ್ರದ ತುದಿನ ಚೆನ್ನಾಗಿ ಉಜ್ಜಿ. ತಾಮ್ರ ಮತ್ತೆ ಅದ್ರ ಆಕ್ಸೈಡ್ ಸೇರೋ ಜಾಗದಲ್ಲಿ ಡಿಗ್ರಿಗೆ 1 ಮಿಲಿವೋಲ್ಟ್ ತನಕ ಹುಟ್ಟುತ್ತೆ, ಅದು ಡಬ್ಬದ ಹೊರಗಡೆ ಇದ್ರಂತೂ ಒಳಗೆ ಪಟ್ಟ ಕಷ್ಟ ಎಲ್ಲಾ ನೀರಲ್ಲಿ ಹೋಮ ಮಾಡ್ದಂಗೆ. ಹಾಗಾಗಿ ನಾನೀಗ ಕನೆಕ್ಷನ್‌ಗಳನ್ನೂ ಡಬ್ಬದೊಳಗೇ ಇಟ್ಟು ಮುಚ್ತೀನಿ.