ಲಕ್ಷಕ್ಕೆ ಕಾಮಾ ಹಾಕಲು ಯಾವುದು ಚಲೋ?

ಹನ್ನೆರಡು ಲಕ್ಷದ ಮೊತ್ತವನ್ನು ಕಂಪ್ಯೂಟರ್ 1,234,567 ಅಂತ ಅಲ್ಲ, 12,34,567 ಅಂತ ತೋರಿಸಬೇಕು, ಪ್ರಶ್ನೆ ಅದು. ನನ್ನ ಓಟು ಯಾವುದಕ್ಕೆ ಅಂತ ಮೊದಲೇ ಹೇಳಿಬಿಡುತ್ತೇನೆ: ಬ್ರೌಸರ್ ಒಳಗೇ ಜಾವಾಸ್ಕ್ರಿಪ್ಟ್ ಭಾಷೆಯ ಜೊತೆ ಇರುವ ಇಂಟ್ಲ್ ನಂಬರ್‌ಫಾರ್ಮ್ಯಾಟ್‌ಗೆ. ಪೈಥಾನ್‌ನ ಬೇಬೆಲ್ ಅನ್ನುವ ಲೈಬ್ರರಿ (ಬೇರೆಯವರು ಬರೆದಿಟ್ಟ ಕೋಡ್) ಎರಡನೇದು. ಎಕ್ಸೆಲ್, ಪೈಥಾನ್‌ನ ಲೊಕೇಲ್ (ಒಂದು ಭಾಷೆ, ಒಂದು ದೇಶಕ್ಕೆ ತಕ್ಕ ಬರೆಯುವ ರೂಢಿ) ಮಾಡ್ಯೂಲ್, ಕೈಯಾರೆ ಬರೆಯುವ ಕೋಡ್, ಇವೆಲ್ಲ ಆಮೇಲೆ.

ನಾನು ಹುಬ್ಬಳ್ಳಿಯಲ್ಲಿ ಕೂತು ಸಣ್ಣಪುಟ್ಟ ಅಂಗಡಿಗಳಿಗೆ ಪ್ರೋಗ್ರಾಂ ಬರೆದುಕೊಡುವವನು. ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯವರು ರೆಡಿಮೇಡ್ ಬಿಲ್ಲಿಂಗ್ ಪ್ಯಾಕೇಜ್ ಕೊಂಡಿದ್ದರು. ಪಟ್ಟಿ (ರೈತರಿಗೆ ಕೊಡುವ ಲೆಕ್ಕದ ಚೀಟಿ) ಬರುತ್ತಿತ್ತು, ಹಮಾಲಿ ಕಳೆಯುತ್ತಿತ್ತು, ಖಾತೆ ಬಾಕಿ ಎಲ್ಲ ಸರಿ. ಆದರೆ ಹನ್ನೆರಡು ಲಕ್ಷದ ಮೊತ್ತ ಪರದೆಯ ಮೇಲೆ 1,234,567 ಅಂತ ಕಾಣುತ್ತಿತ್ತು. ಟೆಂಡರ್ ದಿನ ಲಾಟ್ ಮೇಲೆ ಲಾಟ್ ಬರುತ್ತಿರುತ್ತದೆ. ಅಂಥ ಹೊತ್ತಲ್ಲಿ ಸಾವಕಾರರು ಒಂದೇ ಮಾತು ಕೇಳಿದರು: "ಹನ್ನೆರಡು ಲಕ್ಷ ಅಂತ ಓದಾಕ ಬೆರಳ ಇಟ್ಟು ಎಣಸಬೇಕೇನ್ರಿ?" ಮಾರಿದ ಕಂಪನಿಯವರಿಗೆ ಫೋನ್ ಮಾಡಿದರೆ, ಅದಕ್ಕೆ ಸೆಟ್ಟಿಂಗ್ ಇಲ್ಲ, ಮುಂದಿನ ಆವೃತ್ತಿಯಲ್ಲಿ ನೋಡೋಣ ಅಂದರಂತೆ. ಮುಂದಿನ ಆವೃತ್ತಿಗೆ ದುಡ್ಡು ಬೇರೆ. ಹಾಗಾಗಿ ಕೆಲಸ ನನ್ನ ಕಡೆ ಬಂತು.

ಕೈಯಾರೆ ಬರೆಯುವುದರಿಂದ ಶುರು ಮಾಡೋಣ, ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ. ಕೊನೆಯ ಮೂರು ಅಂಕಿ ಬೇರೆ ಮಾಡು, ಉಳಿದದ್ದನ್ನು ಹಿಂದಿನಿಂದ ಎರಡೆರಡಾಗಿ ಕತ್ತರಿಸು, ನಡುವೆ ಕಾಮಾ ಇಡು. ಐದಾರು ಸಾಲಿನ ಕೆಲಸ. ನೆಟ್‌ನಲ್ಲಿ ಸಿಕ್ಕ ಒಂದು ತುಣುಕನ್ನು ಓಡಿಸಿ ನೋಡಿದೆ. 12,34,567 ಸರಿಯಾಗಿ ಬಂತು. -1,23,456 ಕೂಡ ಸರಿ. ಆದರೆ -12345 ಕೊಟ್ಟಾಗ ಬಂದದ್ದು -,12,345. ಮೈನಸ್ ಗುರುತನ್ನೂ ಅದು ಒಂದು ಅಂಕಿ ಅಂತಲೇ ಎಣಿಸಿತ್ತು. ದಲಾಲಿ ಅಂಗಡಿಯಲ್ಲಿ ಮೈನಸ್ ಅಪರೂಪ ಅಲ್ಲ. ರೈತರು ಮೊದಲೇ ತಗೊಂಡ ಮುಂಗಡ ಮಾಲಿನ ದುಡ್ಡಿಗಿಂತ ಜಾಸ್ತಿ ಆದರೆ ಪಟ್ಟಿಯ ಕೊನೆಯಲ್ಲಿ ಮೈನಸ್ಸೇ ಬರುವುದು. ತಿದ್ದಬಹುದು, ನಿಜ. ಆಮೇಲೆ ಪೈಸೆ, ಆಮೇಲೆ ಸೊನ್ನೆ, ಆಮೇಲೆ ಖಾಲಿ ಜಾಗ. ಬೇರೆಯವರು ಆಗಲೇ ಮಾಡಿಟ್ಟ ಕೆಲಸಕ್ಕೆ ನಾನ್ಯಾಕೆ ಒದ್ದಾಡಲಿ?

ಎಕ್ಸೆಲ್ ಕಥೆಯೂ ಮೈನಸ್‌ನಲ್ಲೇ ಕೆಡುತ್ತದೆ. ಗುಮಾಸ್ತರಿಗೆ ಎಕ್ಸೆಲ್ ಅಂದರೆ ಪ್ರಾಣ, ಹಾಗಾಗಿ ಅದನ್ನೂ ನೋಡಲೇಬೇಕಿತ್ತು. ಕಸ್ಟಮ್ ಫಾರ್ಮ್ಯಾಟ್‌ನಲ್ಲಿ ಇದನ್ನು ಹಾಕಬೇಕು:

[>=10000000]##\,##\,##\,##0.00;[>=100000]##\,##\,##0.00;##,##0.00

ಕೋಟಿಗೆ ಒಂದು ಭಾಗ, ಲಕ್ಷಕ್ಕೆ ಒಂದು ಭಾಗ, ಉಳಿದದ್ದಕ್ಕೆಲ್ಲ ಮೂರನೇದು. ಒಂದು ಫಾರ್ಮ್ಯಾಟ್‌ನಲ್ಲಿ ಷರತ್ತು ಎರಡೇ ಹಾಕಲು ಬರುತ್ತದೆ. ಮೈನಸ್ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಮೂರನೇ ಭಾಗಕ್ಕೇ ಬೀಳುತ್ತದೆ. ಜಮಾ 12,34,567.00 ಅಂತ ಚೆಂದ ಕಾಣುತ್ತದೆ, ಬಾಕಿ -1,234,567.00 ಅಂತ ಕಾಣುತ್ತದೆ. ಒಂದೇ ಕಾಲಮ್‌ನಲ್ಲಿ ಎರಡು ದೇಶ!

ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ಗೆ ಹೋಗಿ ಇಂಗ್ಲಿಷ್ (ಇಂಡಿಯಾ) ಆರಿಸಿದರೆ ಸಾದಾ ಫಾರ್ಮ್ಯಾಟ್‌ನಲ್ಲೇ ಲಕ್ಷದ ಕಾಮಾ ಬರುತ್ತದೆ, ಮೈನಸ್‌ಗೂ ಬರುತ್ತದೆ. ಆದರೆ ಅದು ಆ ಕಂಪ್ಯೂಟರಿನ ಗುಣ, ಫೈಲಿನ ಗುಣ ಅಲ್ಲ. ಅದೇ ಫೈಲ್ ಆಡಿಟರ್ ಆಫೀಸಿಗೆ ಹೋಗಿ ಅಮೆರಿಕದ ಸೆಟ್ಟಿಂಗ್ ಇರುವ ಯಂತ್ರದಲ್ಲಿ ತೆರೆದರೆ ಮತ್ತೆ ಮೂರು ಮೂರು ಅಂಕಿ.

ಪೈಥಾನ್‌ಗೆ ಬರೋಣ. ಅದರ ಸಾದಾ ಫಾರ್ಮ್ಯಾಟ್ ವಿಧಾನದಲ್ಲಿ ಒಂದು ಕಾಮಾ ಬರೆದರೆ ಸಾಕು, ಸಾವಿರ ಬೇರೆಯಾಗುತ್ತದೆ. ಆದರೆ ಅದು ಮೂರರ ಗುಂಪು ಮಾತ್ರ. ಎರಡೆರಡು ಮಾಡು ಅಂತ ಅಲ್ಲಿ ಹೇಳಲು ಜಾಗವೇ ಇಲ್ಲ. ಅದಕ್ಕೆ ಲೊಕೇಲ್ ಮಾಡ್ಯೂಲ್ ಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಒಂದೇ ಏಟಿಗೆ ಓಡಿತು. ಬಾಡಿಗೆಯ ಅಗ್ಗದ ಲಿನಕ್ಸ್ ಸರ್ವರ್‌ಗೆ ಹಾಕಿದರೆ, ಈ ಲೊಕೇಲ್ ಇಲ್ಲಿ ನಡೆಯಲ್ಲ ಅನ್ನೋ ಎರರ್. ಕಾರಣ ಸರಳ. ಈ ಮಾಡ್ಯೂಲ್ ಮಾಹಿತಿಯನ್ನು ತನ್ನ ಜೊತೆ ತರುವುದಿಲ್ಲ, ಆಪರೇಟಿಂಗ್ ಸಿಸ್ಟಂ ಹತ್ತಿರ ಕೇಳುತ್ತದೆ. ಆ ಸರ್ವರ್‌ನಲ್ಲಿ ಭಾರತದ ಲೊಕೇಲ್ ತಯಾರು ಮಾಡಿರಲಿಲ್ಲ. ಮಾಡಿಕೊಳ್ಳಬಹುದು, ಆದರೆ ಸರ್ವರ್ ಬದಲಾದಾಗಲೆಲ್ಲ ನೆನಪಿಟ್ಟು ಮಾಡಬೇಕು. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ: ಒಮ್ಮೆ ಸೆಟ್ ಮಾಡಿದರೆ ಅದು ಇಡೀ ಪ್ರೋಗ್ರಾಂಗೆ ಅನ್ವಯ. ಒಂದು ಕೋಣೆಯ ಲೈಟ್ ಆರಿಸಲು ಮೇನ್ ಸ್ವಿಚ್ ತೆಗೆದ ಹಾಗೆ. ಒಬ್ಬರಿಗೆ ಒಂದು ರೀತಿ, ಇನ್ನೊಬ್ಬರಿಗೆ ಇನ್ನೊಂದು ರೀತಿ ತೋರಿಸುವ ವೆಬ್ ಕೆಲಸಕ್ಕೆ ಇದು ಬೇಡ.

ಬೇಬೆಲ್‌ಗೆ ಈ ಎರಡೂ ರೋಗ ಇಲ್ಲ. ಮಾಹಿತಿ ಅದರ ಹೊಟ್ಟೆಯಲ್ಲೇ ಇದೆ, ಪ್ರತಿ ಸಲ ಯಾವ ಲೊಕೇಲ್ ಅಂತ ಕೇಳಿಯೇ ಕೆಲಸ ಮಾಡುತ್ತದೆ. ಇಂಟ್ಲ್ ಕೂಡ ಹಾಗೇ. ಅದನ್ನು ಇನ್‌ಸ್ಟಾಲ್ ಸಹ ಮಾಡಬೇಕಿಲ್ಲ. ಬ್ಯಾಡಗಿಯಲ್ಲಿ ನೆಟ್ ಹೋದರೂ ಕಾಮಾ ಹೋಗುವುದಿಲ್ಲ, ಏಕೆಂದರೆ ಅದು ಅಂಗಡಿಯ ಬ್ರೌಸರ್‌ನಲ್ಲೇ ಕೂತಿದೆ.

ಈಗ ನನ್ನ ತಲೆ ತಿಂದ ವಿಷಯ. ನನ್ನ ಅಚ್ಚುಮೆಚ್ಚಿನದೇ ಇಲ್ಲಿ ಕೈ ಕೊಟ್ಟಿತು.

ಸಾವಕಾರರ ಪ್ರೋಗ್ರಾಂ ಕನ್ನಡದಲ್ಲಿದೆ. ಹಾಗಾದರೆ ಕನ್ನಡದ ಲೊಕೇಲನ್ನೇ ಕೇಳಬೇಕು, ಅಲ್ವಾ? ಕೆಎನ್-ಐಎನ್ ಅಂತ ಕೊಟ್ಟೆ. ಬಂದದ್ದು 1,234,567. ಇಎನ್-ಐಎನ್, ಅಂದರೆ ಭಾರತದ ಇಂಗ್ಲಿಷ್, ಕೊಟ್ಟರೆ 12,34,567. ಹಿಂದಿ ಕೇಳಿದರೂ 12,34,567. ತೆಲುಗು ಕೇಳಿದರೂ ಅದೇ. ಕನ್ನಡ ಕೇಳಿದವನಿಗೆ ಮಾತ್ರ ಮಿಲಿಯನ್ ಲೆಕ್ಕ! ಬೇಬೆಲ್‌ನಲ್ಲೂ ಇದೇ ಫಲ.

ಎರಡರಲ್ಲೂ ಒಂದೇ ತಪ್ಪು ಯಾಕೆ ಅಂದರೆ, ಎರಡೂ ನೀರು ತರುವ ಬಾವಿ ಒಂದೇ. ಅದರ ಹೆಸರು ಸಿಎಲ್‌ಡಿಆರ್. ಯಾವ ಭಾಷೆಯಲ್ಲಿ ತಾರೀಖು ಹೇಗೆ, ಸಂಖ್ಯೆ ಹೇಗೆ, ದುಡ್ಡು ಹೇಗೆ ತೋರಿಸಬೇಕು ಅನ್ನುವುದನ್ನೆಲ್ಲ ಯೂನಿಕೋಡ್ ಒಕ್ಕೂಟ ಅದರಲ್ಲಿ ಸೇರಿಸಿಡುತ್ತದೆ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಎಲ್ಲಕ್ಕೂ ಆಧಾರ ಅದೇ. ಅಲ್ಲಿ ಪ್ರತಿ ಭಾಷೆಗೆ ಒಂದು ಮಾದರಿ ಬರೆದಿರುತ್ತಾರೆ. ಹಿಂದಿಯ ಮುಂದೆ #,##,##0.### ಅಂತ ಇದೆ. ನನ್ನ ಯಂತ್ರದಲ್ಲಿರುವ ಆವೃತ್ತಿಯಲ್ಲಿ ಕನ್ನಡದ ಮುಂದೆ #,##0.### ಅಂತ ಇತ್ತು. ಎರಡು ಹ್ಯಾಷ್, ಒಂದು ಕಾಮಾ ಕಡಿಮೆ. ಅಷ್ಟಕ್ಕೇ ಇಷ್ಟೆಲ್ಲ. ಆವೃತ್ತಿ ಬದಲಾದರೆ ಈ ಮಾಹಿತಿಯೂ ಬದಲಾಗಬಹುದು, ಹಾಗಾಗಿ ನಿಮ್ಮ ಯಂತ್ರದಲ್ಲಿ ಒಮ್ಮೆ 1234567 ಹಾಕಿ ನೋಡಿಕೊಂಡೇ ಮುಂದುವರಿಯಿರಿ.

ಚಿಕ್ಕದಾಗಿ ತೋರಿಸುವ ಸೌಲಭ್ಯದಲ್ಲಂತೂ ಇನ್ನೂ ತಮಾಷೆ. ಡ್ಯಾಶ್‌ಬೋರ್ಡ್‌ನಲ್ಲಿ ದೊಡ್ಡ ಮೊತ್ತವನ್ನು ಗಿಡ್ಡ ಮಾಡಿ ತೋರಿಸಲು ಇಂಟ್ಲ್‌ನಲ್ಲಿ ಕಾಂಪ್ಯಾಕ್ಟ್ ಅಂತ ಆಯ್ಕೆ ಇದೆ. ಭಾರತದ ಇಂಗ್ಲಿಷ್‌ನಲ್ಲಿ ಹನ್ನೆರಡರ ಪಕ್ಕ ಲಕ್ಷದ ಎಲ್ ಬರುತ್ತದೆ. ಕನ್ನಡದಲ್ಲಿ ಕೇಳಿದರೆ 1.2ಮಿ. ಮಿಲಿಯನ್ ಅನ್ನೋ ಅರ್ಥದಲ್ಲಿ! ಗುಮಾಸ್ತರು ನೋಡಿ, "ಮಿ ಅಂದ್ರ ಮಿಲಿಮೀಟರ್ ಏನ್ರಿ ಸರ್?" ಅಂದರು. ಆ ಆಯ್ಕೆಯನ್ನು ಅಲ್ಲಿಗೇ ಬಿಟ್ಟೆ. ಲಕ್ಷದಿಂದ ಭಾಗಿಸಿ ಪಕ್ಕದಲ್ಲಿ ನಾನೇ "ಲಕ್ಷ" ಅಂತ ಬರೆದೆ.

ಪರಿಹಾರ ಸಿಕ್ಕಿದ್ದು ಲೊಕೇಲನ್ನು ಎರಡಾಗಿ ಒಡೆದಾಗ. ಕಾಮಾ ಎಲ್ಲಿ ಬೀಳಬೇಕು ಅನ್ನುವುದು ಒಂದು, ಅಂಕಿ ಯಾವ ಲಿಪಿಯಲ್ಲಿ ಇರಬೇಕು ಅನ್ನುವುದು ಇನ್ನೊಂದು. ಇಂಟ್ಲ್ ಇವೆರಡನ್ನೂ ಬೇರೆ ಬೇರೆ ಕೇಳಲು ಬಿಡುತ್ತದೆ. ಇಎನ್-ಐಎನ್ ಬಾಲಕ್ಕೆ -ಯು-ಎನ್‌ಯು-ಕೆಎನ್‌ಡಿಎ ಅಂತ ಸೇರಿಸಿದರೆ ಬರುವುದು ೧೨,೩೪,೫೬೭. ಕಾಮಾ ಲಕ್ಷದ್ದು, ಅಂಕಿ ಕನ್ನಡದ್ದು. ಪರದೆಯ ಮೇಲಿನ ಉಳಿದ ಮಾತೆಲ್ಲ ಕನ್ನಡದಲ್ಲೇ ಇರಲಿ, ಸಂಖ್ಯೆಗೆ ಮಾತ್ರ ಈ ಲೊಕೇಲ್ ಕೊಡಿ. ಅಂದಹಾಗೆ, ಬರೀ ಕೆಎನ್-ಐಎನ್ ಕೊಟ್ಟರೆ ಕನ್ನಡ ಅಂಕಿ ತಾನಾಗಿ ಬರುವುದಿಲ್ಲ. ಮರಾಠಿ ಕೇಳಿದರೆ ದೇವನಾಗರಿ ಅಂಕಿ ಕೇಳದೆಯೇ ಬರುತ್ತದೆ.

ಇಷ್ಟೆಲ್ಲ ಮಾಡಿ ತೋರಿಸಿದರೆ ಸಾವಕಾರರು ಇಂಗ್ಲಿಷ್ ಅಂಕಿಯೇ ಇರಲಿ ಅಂದರು. ಬಸ್ಸಿನ ಮುಂದೆ ಕೆಎ ೨೭ ಓದುವುದು ಬೇರೆ, ದುಡ್ಡಿನ ಕಾಲಮ್‌ನಲ್ಲಿ ಸಣ್ಣಕ್ಷರದ ೬ ಮತ್ತು ೯ ಓದುವುದು ಬೇರೆ. ಅವರು ಹೇಳಿದ್ದರಲ್ಲಿ ಅರ್ಥ ಇದೆ. ಪರದೆಯ ಮೇಲೊಂದು ಬಟನ್ ಇಟ್ಟಿದ್ದೇನೆ, ಬೇಕಾದವರು ಬದಲಿಸಿಕೊಳ್ಳಲಿ.

ಪೈಸೆಯ ವಿಷಯಕ್ಕೆ ಬಂದರೆ ಬೇಬೆಲ್‌ನ ಒಂದು ಗುಣ ಗೊತ್ತಿರಬೇಕು. ಒಂದು ಲಾಟ್ 47.500 ಕೆಜಿ, ದರ ಕ್ವಿಂಟಲ್‌ಗೆ 32,119 ಅಂದುಕೊಳ್ಳಿ. ಮೊತ್ತ 15,256.525. ಅಂಗಡಿಯಲ್ಲಿ ಯಾರನ್ನು ಕೇಳಿದರೂ 53 ಪೈಸೆ ಅನ್ನುತ್ತಾರೆ. ಬೇಬೆಲ್ ಸುಮ್ನೆ ಬಿಟ್ಟರೆ 52 ತೋರಿಸುತ್ತದೆ. ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ತರುವುದು ಅದರ ರೂಢಿ. ಪೈಥಾನಿನ ಡೆಸಿಮಲ್ (ದಶಮಾಂಶ ಲೆಕ್ಕದ) ಸೆಟ್ಟಿಂಗ್ ಬದಲಿಸಿ ಸರಿ ಮಾಡಬಹುದು. ಇಂಟ್ಲ್ ನಮ್ಮ ಹಾಗೆ 53 ಅನ್ನುತ್ತದೆ. ಒಂದು ಪೈಸೆ ಅಂತ ನಗಬೇಡಿ, ಪಟ್ಟಿಯ ಒಟ್ಟು ಮೊತ್ತ ಕೂಡಿದ್ದಕ್ಕೆ ತಾಳೆ ಆಗದಿದ್ದರೆ ಜಗಳ ಅಲ್ಲಿಂದಲೇ ಶುರು. ಹಾಗಂತ ಜಾವಾಸ್ಕ್ರಿಪ್ಟ್‌ನಲ್ಲಿ ದಶಮಾಂಶದ ಗುಣಾಕಾರವನ್ನು ನಂಬಿ ಕೂರಬೇಡಿ. ಲೆಕ್ಕವನ್ನು ಪೈಸೆಯ ಪೂರ್ಣ ಸಂಖ್ಯೆಯಲ್ಲಿ ಮುಗಿಸಿ, ತೋರಿಸುವ ಕೆಲಸ ಮಾತ್ರ ಇಂಟ್ಲ್‌ಗೆ ಕೊಡಿ.

ಬೇಬೆಲ್ ಪಕ್ಕಾ ಗೆಲ್ಲುವ ಜಾಗವೂ ಒಂದಿದೆ: ತೋರಿಸಿದ್ದನ್ನು ಮತ್ತೆ ಓದುವುದು. ಗುಮಾಸ್ತರು ಡಬ್ಬಿಯಲ್ಲಿ 12,34,567 ಅಂತ ಕಾಮಾ ಸಮೇತ ಟೈಪ್ ಮಾಡುತ್ತಾರೆ. ಬೇಬೆಲ್ ಅದನ್ನು ಸರಿಯಾಗಿ ಹನ್ನೆರಡು ಲಕ್ಷ ಅಂತ ಓದುತ್ತದೆ. ಇಂಟ್ಲ್‌ಗೆ ಓದಲು ಬರುವುದೇ ಇಲ್ಲ. ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಇಂಟ್ ಕೈಗೆ ಕೊಟ್ಟರೆ ಮೊದಲ ಕಾಮಾ ಹತ್ತಿರವೇ ನಿಂತು 12 ಅನ್ನುತ್ತದೆ. ಹನ್ನೆರಡು ಲಕ್ಷ ಹೋಗಿ ಹನ್ನೆರಡು ರೂಪಾಯಿ, ಎರರ್ ಕೂಡ ಇಲ್ಲ! ಕಾಮಾ ತೆಗೆದು ಓದಿಸುವ ಒಂದು ಸಾಲು ಬರೆದುಕೊಳ್ಳಲೇಬೇಕು. ಕನ್ನಡ ಅಂಕಿ ಇದ್ದರೆ ಅವನ್ನೂ ಮೊದಲು ಬದಲಿಸಬೇಕು. ಪೈಥಾನ್ ಮಾತ್ರ ೧೨೩ ಕೊಟ್ಟರೆ ಜಾಣನ ಹಾಗೆ 123 ಅಂತ ತಗೊಳ್ಳುತ್ತದೆ.

ಇನ್ನು ಚಿಲ್ಲರೆ ಮಾತು. ಪೈಸೆಗೆ ಕನಿಷ್ಠ ಎರಡು ಅಂಕಿ ಅಂತ ಇಂಟ್ಲ್‌ಗೆ ಹೇಳದಿದ್ದರೆ 12,345.5 ಅಂತ ಮೊಂಡಾಗಿ ತೋರಿಸುತ್ತದೆ. ಉದ್ದ ಪಟ್ಟಿ ಇದ್ದರೆ ಫಾರ್ಮ್ಯಾಟರನ್ನು ಒಮ್ಮೆ ಮಾಡಿಟ್ಟುಕೊಂಡು ಅದನ್ನೇ ಬಳಸಿ, ಪ್ರತಿ ಸಾಲಿಗೂ ಹೊಸದು ಮಾಡಿದರೆ ಪರದೆ ತಡವರಿಸುತ್ತದೆ. ಸರ್ವರ್‌ನಲ್ಲಿ ನೋಡ್ (ಜಾವಾಸ್ಕ್ರಿಪ್ಟನ್ನು ಬ್ರೌಸರ್ ಹೊರಗೆ ಓಡಿಸುವ ಪ್ರೋಗ್ರಾಂ) 13ಕ್ಕಿಂತ ಹಳೆಯದಿದ್ದರೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಮಾಹಿತಿ ಜೊತೆಗೆ ಬರುತ್ತಿರಲಿಲ್ಲ. ₹ ಗುರುತು ಬಂದದ್ದು 2010ರಲ್ಲಿ, ಅಂಗಡಿಯ ಹಳೆಯ ಪ್ರಿಂಟರಿಗೆ ಅದು ಗೊತ್ತಿಲ್ಲ, ಪ್ರಶ್ನೆ ಚಿಹ್ನೆ ಒತ್ತುತ್ತದೆ. ಕಾಲಮ್ ಮೇಲೆ ಒಂದೇ ಸಲ "ರೂ." ಅಂತ ಹಾಕಿ ಕೈ ತೊಳೆದುಕೊಂಡೆ.

ನನ್ನ ಕೆಲಸ ಹೆಚ್ಚಾಗಿ ಬ್ರೌಸರ್‌ನಲ್ಲಿ ಓಡುತ್ತದೆ, ಗಿರಾಕಿಗಳು ಸರ್ವರ್ ಬಾಡಿಗೆಗೇ ಚೌಕಾಶಿ ಮಾಡುವವರು. ಹಾಗಾಗಿ ಇಂಟ್ಲ್ ನನಗೆ ಸರಿ. ಸರ್ವರ್‌ನಲ್ಲೇ ಪಿಡಿಎಫ್ ಮಾಡಿ ಕಳಿಸುವವರು ಬೇಬೆಲ್ ತಗೊಳ್ಳಿ, ರೌಂಡಿಂಗ್ ಮೊದಲು ಸರಿ ಮಾಡಿಕೊಳ್ಳಿ. ಡೆಸ್ಕ್‌ಟಾಪ್ ಜಾವಾದಲ್ಲಿ ಬರೆಯುವವರಿಗೆ ಒಂದು ಮಾತು: ಅಲ್ಲಿಯ ಡೆಸಿಮಲ್‌ಫಾರ್ಮ್ಯಾಟ್‌ಗೆ #,##,##0.00 ಅಂತ ಕೊಟ್ಟರೆ ತಕರಾರಿಲ್ಲದೆ ತಗೊಳ್ಳುತ್ತದೆ, ಕೊನೆಯ ಕಾಮಾ ಒಂದನ್ನೇ ಲೆಕ್ಕಕ್ಕೆ ಹಿಡಿದು 1,234,567.00 ತೋರಿಸುತ್ತದೆ. ಲಕ್ಷ ಬೇಕಿದ್ದರೆ ಯೂನಿಕೋಡ್ ಒಕ್ಕೂಟದ ಐಸಿಯು ಅನ್ನುವ ಲೈಬ್ರರಿಯ ಅದೇ ಹೆಸರಿನ ಕ್ಲಾಸ್ ಬಳಸಿ.